ಬರ್ತಾಳ ವಿಮಾನಯಾನ ಮತ್ತು ನನ್ನ ಕೋಟು

ನನ್ನ ಅತ್ತೆ ಹಲ್ಡಾ ನಮ್ಮ ಮದುವೆಯ ಊಟದ ಮೇಜಿನಲ್ಲೇ ನನ್ನ ಬಗ್ಗೆ ತೀರ್ಪು ಕೊಟ್ಟುಬಿಟ್ಟಿದ್ದರು. "ಹುಡುಗ ಕೆಟ್ಟೋನಲ್ಲ. ಆದ್ರೆ ಬಾಯಿಗೆ ಬಾಗಿಲೇ ಇಲ್ಲ." ಅಷ್ಟೇ. ಆಮೇಲೆ ನಾನು ಅವರ ಮನೆಯ ಚಾವಣಿ ರಿಪೇರಿ ಮಾಡಿಕೊಟ್ಟೆ, ಪ್ರತಿ ಬೇಸಿಗೆಯಲ್ಲೂ ಮೀನಿಗೆ ಹೊಗೆ ಹಾಕಿಕೊಟ್ಟೆ, ಅವರ ಹಿಮದ ಮೇಲೆ ಓಡಿಸುವ ಸ್ನೋಮೊಬೈಲು ಹೊಳೆಯ ಮಂಜುಗಡ್ಡೆ ಒಡೆದು ಮುಳುಗಿದಾಗ ಸೊಂಟದವರೆಗೆ ಕೊರೆಯುವ ನೀರಿಗಿಳಿದು ಎಳೆದು ತಂದೆ. ತೀರ್ಪು ಬದಲಾಗಲಿಲ್ಲ. (ಅಲ್ಲಿ ಗಡ್ಡೆ ತೆಳ್ಳಗಿದೆ, ಮುದುಕಿ ನನ್ನ ಮಾತು ಕೇಳಲಿಲ್ಲ ಅಂತ ಊರಿಗೆಲ್ಲ ಸಾರಿಕೊಂಡು ಬಂದಿದ್ದು ಬಹುಶಃ ಕೇಸಿಗೆ ತೊಂದರೆ ಮಾಡಿತು.)

ಅಂಥ ಅತ್ತೆ ಈ ಚಳಿಗಾಲದಲ್ಲಿ ಕೊನೆಯ ಹಾಸಿಗೆ ಹಿಡಿದರು. ಅದೂ ನಮ್ಮ ಅಲಾಸ್ಕಾದಲ್ಲಲ್ಲ. ನಾವಿರುವ ಸ್ಟೋನಿ ಬೆಂಡಿಗೆ ರಸ್ತೆಯೇ ಇಲ್ಲ, ಡಾಕ್ಟರು ಎಲ್ಲಿಂದ ಬರಬೇಕು? ಅವರನ್ನು ದಕ್ಷಿಣಕ್ಕೆ, ಗೋಧಿ ಬೆಳೆಯುವ ಒಣ ಊರೊಂದರಲ್ಲಿ, ಸಾಯುವವರನ್ನು ಚೆನ್ನಾಗಿ ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಅಲ್ಲಿಂದ ನರ್ಸಮ್ಮ ಫೋನು ಮಾಡಿದರು. ಅಮ್ಮ ಊಟ ಬಿಟ್ಟಿದ್ದಾರೆ. ಸೂಪು ಕೊಟ್ಟರೆ ಮುಖ ತಿರುಗಿಸುತ್ತಾರೆ. ಏನು ಬೇಕು ಅಂತ ಕೇಳಿದರೆ ಒಂದೇ ಮಾತು: "ಬರ್ತಾಳ ಬ್ರೆಡ್ಡು ಒಂದು ತುಂಡು ಕೊಡಿ. ಆಮೇಲೆ ನಿಮ್ಮ ಸೂಪನ್ನ ನೀವೇ ಕುಡೀರಿ."

ಬರ್ತಾ ಯಾರು ಅಂತ ನರ್ಸಮ್ಮನಿಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ. ಬರ್ತಾ ಅಂದರೆ ಹೆಪ್ಪು. ಬ್ರೆಡ್ಡಿನ ಹಿಟ್ಟು ಹುಳಿಬರಿಸುವ ಹೆಪ್ಪು, ಒಂದು ಗಾಜಿನ ಜಾಡಿಯಲ್ಲಿ ಬುಳುಬುಳು ಅನ್ನುತ್ತ ಕೂತಿರುತ್ತದೆ. ಹಲ್ಡಾ ಅವರ ಅಜ್ಜಿ ಚಿನ್ನ ಹುಡುಕಲು ಬಂದ ಗಂಡನ ಹಿಂದೆ ಈ ಹೆಪ್ಪನ್ನು ಎದೆಗೆ ಕಟ್ಟಿಕೊಂಡು ಹಿಮದಲ್ಲಿ ನಡೆದುಬಂದರಂತೆ. ಚಿನ್ನ ಸಿಗಲಿಲ್ಲ, ಹೆಪ್ಪು ಉಳಿಯಿತು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದು ಈಗ ನನ್ನ ಹೆಂಡತಿ ಮಾರಿಟ್‌ಳ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಅತ್ಯುತ್ತಮ ಜಾಗದಲ್ಲಿ ವಿರಾಜಮಾನವಾಗಿದೆ. (ಆ ಜಾಗದಲ್ಲಿ ಮೊದಲು ನನ್ನ ಕುರ್ಚಿ ಇತ್ತು.) ಬೆಳಿಗ್ಗೆ ಎದ್ದರೆ ಮಾರಿಟ್ ಮೊದಲು ಬರ್ತಾಗೆ ಹಿಟ್ಟು ನೀರು ಹಾಕುತ್ತಾಳೆ. ನನಗೆ ಕಾಫಿ ಆಮೇಲೆ, ನೆನಪಾದರೆ.

"ಹೊರಡು. ಬರ್ತಾನ ತಗೊಂಡು ಹೋಗೋಣ," ಅಂದಳು ಮಾರಿಟ್.

"ಒಂದು ಚಮಚ ಮನೇಲಿ ಬಿಟ್ಟು ಹೋಗೋಣ ಕಣೆ, ಯಾವುದಕ್ಕೂ..."

"ಮನೇಲಿ ಒಲೆ ಹಚ್ಚೋರು ಯಾರು? ಗೋಡೆ ಸಮೇತ ಹೆಪ್ಪುಗಟ್ಟುತ್ತೆ. ಪಕ್ಕದ ಆರ್ವಿಲ್‌ಗೆ ಕೊಡೋಣ ಅಂದ್ರೆ, ಅವನು ನಿನ್ನ ಮುಖ ನೋಡಿದ್ರೆ ಬಾಗಿಲು ಹಾಕ್ತಾನೆ."

ಅದು ನಿಜ. ನನ್ನ ಮೀನು ಸೀಳುವ ಚೂರಿ ಕಳೆದ ಶರತ್ಕಾಲದಲ್ಲಿ ಕಾಣೆಯಾಗಿತ್ತು. ಆರ್ವಿಲ್‌ನೇ ಎತ್ತಿಕೊಂಡಿದ್ದು ಅಂತ ನಾನು ಅಂಗಡಿಯಲ್ಲಿ, ಚರ್ಚಿನಲ್ಲಿ, ಅಂಚೆ ಕಚೇರಿಯಲ್ಲಿ, ಸ್ವಲ್ಪ ಮೆಲ್ಲಗೇ ಹೇಳಿದ್ದೆ.

ಹೀಗೆ ಬರ್ತಾ ಇಡಿಯಾಗಿ ಹೊರಟಳು. ಹೊರಗೆ ಉಗುಳಿದರೆ ನೆಲಕ್ಕೆ ಬೀಳುವ ಮೊದಲು ಗಡ್ಡೆಯಾಗುವಂಥ ಚಳಿ. ಮಾರಿಟ್ ಜಾಡಿಯನ್ನು ನನ್ನ ಹಳೇ ಕೋಟಿನ ಒಳಗೆ ತುರುಕಿ ಗುಂಡಿ ಹಾಕಿದಳು. "ಎದೆಗೆ ಒತ್ತಿ ಹಿಡ್ಕೋ. ಬೀಳಿಸಿದ್ಯೋ, ನೀನೂ ಅಲ್ಲೇ ಬೀಳು."

ಆ ಕೋಟಿನ ಬಗ್ಗೆ ಎರಡು ಮಾತು. ನಾನು ಅದರಲ್ಲೇ ಮೀನು ಹಿಡಿದಿದ್ದೇನೆ, ಜನರೇಟರಿಗೆ ಡೀಸೆಲ್ ಸುರಿದಿದ್ದೇನೆ, ಮೂಸ್ ಅನ್ನುವ ದೊಡ್ಡ ಕಾಡುಜಿಂಕೆ ಹೊಡೆದು ಹೊತ್ತು ತಂದಿದ್ದೇನೆ. ಜೇಬುಗಳಿಗೆ ತೂತು ಬಿದ್ದಿದೆ. ಅದನ್ನು ಸುಟ್ಟುಹಾಕಬೇಕು ಅನ್ನುವುದು ಮಾರಿಟ್‌ಳ ಜೀವನದ ಗುರಿ. ನನಗೆ ಮಾತ್ರ ಅದರಷ್ಟು ಬೆಚ್ಚಗಿನ ವಸ್ತು ಮನೆಯಲ್ಲಿ ಬೇರೆ ಇಲ್ಲ, ಹೆಂಡತಿಯನ್ನು ಸೇರಿಸಿ ಹೇಳುತ್ತಿದ್ದೇನೆ.

ನಮ್ಮೂರಿಂದ ಹೊರಬೀಳಬೇಕಾದರೆ ಲೈಲ್‌ನ ಪುಟ್ಟ ವಿಮಾನವೇ ಗತಿ. ಅಲ್ಲಿ ಯಂತ್ರ ಇಲ್ಲ, ತಪಾಸಣೆ ಇಲ್ಲ. ಲೈಲ್ ನಮ್ಮನ್ನೂ ಚೀಲಗಳನ್ನೂ ಮೀನು ತೂಗುವ ತಕ್ಕಡಿಯಲ್ಲೇ ತೂಗುತ್ತಾನೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾನೆ: "ಏನೇನಿದೆ?" ಆಗ ಎಲ್ಲ ಬಾಯಿಬಿಟ್ಟು ಹೇಳಬೇಕು. ಪೆಟ್ರೋಲ್ ಕ್ಯಾನು, ಬ್ಯಾಟರಿ, ಕರಡಿ ಓಡಿಸುವ ಸ್ಪ್ರೇ, ಬೆನ್ನುನೋವು, ಬಸಿರು, ಎಲ್ಲ. ಮುಚ್ಚಿಟ್ಟರೆ ಗುಡ್ಡಕ್ಕೆ ಬಡಿದು ಸಾಯುತ್ತೇವೆ. ನಮ್ಮೂರಲ್ಲಿ ಮಕ್ಕಳು 'ಅಮ್ಮ' ಅನ್ನುವುದನ್ನು ಕಲಿತ ಮೇಲೆ ಮುಂದೆ ಕಲಿಯುವುದು ಇದನ್ನೇ: ವಿಮಾನದವರು ಕೇಳಿದರೆ ಎಲ್ಲ ಹೇಳಿಬಿಡು. ಈ ಒಂದು ವಿಷಯದಲ್ಲಿ ನಾನು ಊರಿಗೇ ಮಾದರಿ. ಕೇಳದಿದ್ದರೂ ಹೇಳುತ್ತೇನೆ.

ಮೇಲಕ್ಕೆ ಹೋದಂತೆ ಬರ್ತಾಗೆ ಉಬ್ಬರ ಬಂತು. ನನ್ನ ಎದೆಯ ಶಾಖ ಬೇರೆ. ಬೆಟ್ಟ ದಾಟುವಾಗ ಮುಚ್ಚಳ ಸಡಿಲವಾಗಿ, ಏನೋ ಜಿಗುಟಾಗಿ ಹೊಟ್ಟೆಯ ಮೇಲೆ ಇಳಿಯತೊಡಗಿತು.

"ಮಾರಿಟ್, ಬರ್ತಾ ಉಕ್ಕಿದ್ಲು!"

"ಅಯ್ಯೋ ನಿನ್ನ! ಹಿಡ್ಕೊಳ್ಳೋಕೆ ಒಂದು ಜಾಡಿ ಕೊಟ್ರೆ..." ಅವಳು ಕೋಟಿನೊಳಗೆ ಕೈ ಹಾಕಿ, ಸಿಕ್ಕಷ್ಟನ್ನು ಬಳಿದು ಜಾಡಿಗೆ ಸೇರಿಸಿದಳು. ಉಳಿದದ್ದು ಕೋಟಿನ ಒಳಬಟ್ಟೆಗೆ ಅಂಟಿ ಒಣಗಿತು. "ಈ ದರಿದ್ರ ಕೋಟಿಗೆ ಇದೊಂದು ಬಾಕಿ ಇತ್ತು," ಅಂತ ಇಳಿಯುವವರೆಗೆ ಬೈದಳು.

ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ಮೊದಲ ದಿನದ ತಪಾಸಣೆ ಹೇಗಿತ್ತು ಕೇಳಿ. ಕೋಟು ಬಿಚ್ಚಿ ಯಂತ್ರಕ್ಕೆ ಹಾಕಿ ಅಂದರು, ಹಾಕಿದೆ. ಬೂಟು ಬಿಚ್ಚಿ ಅಂದರು, ಬಿಚ್ಚಿದೆ. ಬೆಲ್ಟು ಬಿಚ್ಚಿ ಅಂದರು, ಬಿಚ್ಚಿ ಪ್ಯಾಂಟು ಹಿಡಿದು ನಿಂತೆ. ಮುಕ್ಕಾಲು ಹಿಂಡಿ ಮುಗಿದಿದ್ದ ನನ್ನ ಟೂತ್‌ಪೇಸ್ಟು, ಟ್ಯೂಬು ದೊಡ್ಡದು ಅಂತ ಹೇಳಿ ಕಸಕ್ಕೆ ಹೋಯಿತು. ಮಾರಿಟ್‌ಳ ಹೆಣಿಗೆ ಕಡ್ಡಿಗಳನ್ನು ಒಬ್ಬ ಆಫೀಸರಮ್ಮ ತಿರುಗಿಸಿ ನೋಡಿ, "ಸ್ವೆಟರಾ? ಯಾರಿಗೆ?" ಅಂತ ವಿಚಾರಿಸಿ ವಾಪಸು ಕೊಟ್ಟಳು. ಬರ್ತಾ ಮಾತ್ರ ಊಟದ ಚೀಲದಲ್ಲಿ ಒಣಮೀನಿನ ಪಕ್ಕ ಕೂತು, ಯಂತ್ರದ ಹೊಟ್ಟೆಯೊಳಗೆ ಹೋಗಿ ಆ ಕಡೆಯಿಂದ ರಾಣಿಯಂತೆ ಹೊರಬಂದಳು. ಯಾರೂ ಕಣ್ಣೆತ್ತಿ ನೋಡಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾರಿಟ್ ನನ್ನ ಕಾಲು ತುಳಿದಳು. ಬೂಟು ಇರಲಿಲ್ಲವಲ್ಲ, ಬಹಳ ನೋವಾಯಿತು.

ಆದರೆ ವಿಮಾನ ಹೋಗಬೇಕಲ್ಲ? ಹೋಗುವ ಊರಲ್ಲಿ ದಟ್ಟ ಮಂಜು, ಕ್ಯಾನ್ಸಲ್ ಅಂದರು. ನಾಳೆ ಬನ್ನಿ ಅಂತ ಎಲ್ಲರನ್ನೂ ಹೊರಗೆ ಕಳಿಸಿದರು. ಹತ್ತಿರದ ಲಾಡ್ಜಿನಲ್ಲಿ ಮಾರಿಟ್ ಹಾಸಿಗೆಯ ಅರ್ಧವನ್ನು ಬರ್ತಾಗೆ ಕೊಟ್ಟು, ಅಮ್ಮ ಇನ್ನೂ ಇದ್ದಾರೋ ಇಲ್ಲವೋ ಅಂತ ಆಸ್ಪತ್ರೆಗೆ ಫೋನು ಮಾಡಿದಳು. ಇದ್ದರು. ಬ್ರೆಡ್ಡು ಬಂತಾ ಅಂತ ಕೇಳುತ್ತಲೇ ಇದ್ದರು.

ಮರುದಿನ ಅದೇ ನಿಲ್ದಾಣ, ಅದೇ ಸಾಲು, ಅದೇ ಯಂತ್ರ. ನಾನು ತಿಳಿದವನ ಹಾಗೆ ಬೂಟು ಬಿಚ್ಚಿದೆ. "ಯಾಕ್ ಸರ್ ಬೂಟ್ ಬಿಚ್ತಿದೀರಿ? ಹಾಕ್ಕೊಳ್ಳಿ, ಹಾಕ್ಕೊಳ್ಳಿ," ಅಂದ ಹೊಸ ಆಫೀಸರು. ಬೆಲ್ಟೂ ಬೇಡವಂತೆ. ಹೆಣಿಗೆ ಕಡ್ಡಿಗಳನ್ನು ಮಾತ್ರ ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ. ಮುಗಿಯದ ಸ್ವೆಟರು ಕಡ್ಡಿಯಿಲ್ಲದೆ ಮಾರಿಟ್‌ಳ ಕೈಗೆ ಬಂತು. ಅದು ಅತ್ತೆಗೆಂದು ಹೆಣೆಯುತ್ತಿದ್ದ ಸ್ವೆಟರು. ಅವಳ ಮುಖ ಕೆಂಪಾಯಿತು. ಆದರೂ ಬಾಯಿ ಮುಚ್ಚಿಕೊಂಡಳು. ಯಾಕೆಂದರೆ ಊಟದ ಚೀಲ ಆಗಲೇ ಯಂತ್ರ ದಾಟಿ, ಆ ಕಡೆ ಬಂದು ನಿಂತಿತ್ತು. ಬರ್ತಾ ಇವತ್ತೂ ಪಾಸು. ಕೈ ಚಾಚಿ ಎತ್ತಿಕೊಂಡರೆ ಮುಗಿಯಿತು.

ಆಗ ಆ ಆಫೀಸರು ಕೇಳಬಾರದ ಪ್ರಶ್ನೆ ಕೇಳಿದ. ಸುಮ್ಮನೆ, ಮಾತಿಗೆ ಅಂತ, ನಗುತ್ತಲೇ ಕೇಳಿದ.

"ಏನ್ ಸರ್, ಏನೇನಿದೆ?"

ಸಮವಸ್ತ್ರ, ವಿಮಾನ, ಆ ಪ್ರಶ್ನೆ. ನನ್ನ ಕೈಯಲ್ಲಿ ಏನಿತ್ತು ಹೇಳಿ? ಬಾಯಿ ತಾನೇ ತೆರೆದುಕೊಂಡಿತು. "ಒಣಮೀನು, ಎರಡು ಸ್ಯಾಂಡ್‌ವಿಚ್ಚು, ನನ್ನ ಬೆನ್ನುನೋವಿನ ಮಾತ್ರೆ, ಮತ್ತೆ ಬರ್ತಾ."

"ಬರ್ತಾ?"

"ಏನಿಲ್ಲ, ಏನಿಲ್ಲ," ಅಂದಳು ಮಾರಿಟ್.

"ಬ್ರೆಡ್ಡಿನ ಹೆಪ್ಪು," ಅಂದೆ ನಾನು.

ಅವನು ಜಾಡಿ ತೆಗೆದು ಬೆಳಕಿಗೆ ಹಿಡಿದ. ಓರೆ ಮಾಡಿದ. ಬರ್ತಾ ಯೋಚಿಸಿ, ಯೋಚಿಸಿ, ಒಂದು ಕಡೆಗೆ ವಾಲಿದಳು. ಅವನು ಇನ್ನೊಬ್ಬನನ್ನು ಕರೆದ. ಅವನೂ ಓರೆ ಮಾಡಿದ. ಇದು ಗಟ್ಟಿಯೋ, ಒಳಗೆ ಒಯ್ಯಬಾರದ ದ್ರವವೋ ಅಂತ ಘನಗಂಭೀರ ಸಮಾಲೋಚನೆ ನಡೆಯಿತು. ಹಿಟ್ಟು ಅಂದಮೇಲೆ ಗಟ್ಟಿಯೇ ಅಂತ ಒಬ್ಬ. ಹರಿಯುತ್ತಲ್ಲ ಅಂತ ಇನ್ನೊಬ್ಬ. ಗಟ್ಟಿಪಕ್ಷ ಇನ್ನೇನು ಗೆಲ್ಲುವುದರಲ್ಲಿತ್ತು. ಪಾಪ, ಸಹಾಯ ಮಾಡೋಣ ಅಂತ ನಾನು ಅಂದೆ, "ಈಗ ತಣ್ಣಗಿದೆ, ಅದಕ್ಕೇ ಮಂಕಾಗಿದೆ ಸರ್. ಬೆಚ್ಚಗಾದ್ರೆ ಚೆನ್ನಾಗಿ ಹರಿಯುತ್ತೆ. ಗ್ಯಾಸೂ ತುಂಬ್ಕೊಳುತ್ತೆ. ಒಂದ್ಸಲ ಮುಚ್ಚಳ ಸಿಡಿದು ಚಾವಣಿಗೇ ಹೊಡೆದಿತ್ತು."

ಮಾರಿಟ್ ಕಣ್ಣು ಮುಚ್ಚಿಕೊಂಡಳು.

'ಸಿಡಿದು' ಅನ್ನುವ ಪದ ವಿಮಾನ ನಿಲ್ದಾಣದಲ್ಲಿ ಆಡುವಂಥದ್ದಲ್ಲ. ಸಾಲು ನಿಂತಿತು. ಎಲ್ಲಿಂದಲೋ ಮೂರನೆಯವಳು ಬಂದಳು. ನೋಡಿದರೆ ನಿನ್ನೆ ಸ್ವೆಟರು ಮೆಚ್ಚಿದ ಆಫೀಸರಮ್ಮ! ನನಗೆ ಹೋದ ಜೀವ ಬಂತು.

"ಮೇಡಮ್, ನಿನ್ನೆ ನೀವೇ ಬಿಟ್ರಲ್ಲ ಇದನ್ನ!"

"ನಿನ್ನೆ ನೀವು ಹೇಳ್ಲಿಲ್ವಲ್ಲ ಸರ್," ಅಂದಳು ಆಕೆ.

"ನಮ್ಮಮ್ಮ ಸಾಯ್ತಿದಾಳೆ," ಅಂದಳು ಮಾರಿಟ್. ಅವಳ ದನಿ ಬಹಳ ಸಣ್ಣದಾಗಿತ್ತು. "ಕೊನೇ ಸಲ ಇದರ ಬ್ರೆಡ್ಡು ಕೇಳಿದಾಳೆ. ಒಂದು ಚಮಚ ಬಿಡಿ ಸಾಕು."

ಆಫೀಸರಮ್ಮನಿಗೆ ನಿಜವಾಗಿಯೂ ಬೇಜಾರಾಯಿತು, ಅದು ಮುಖದಲ್ಲೇ ಕಾಣುತ್ತಿತ್ತು. "ಹೇಳದೆ ಹೋಗಿದ್ರೆ ಗೊತ್ತಾಗ್ತಿರ್ಲಿಲ್ಲ ಮೇಡಮ್. ಗೊತ್ತಾದ ಮೇಲೆ ನನ್ನ ಕೈಲಿಲ್ಲ," ಅಂದಳು. ಸಾಮಾನಿನ ಜೊತೆ ವಿಮಾನದ ಹೊಟ್ಟೆಗೆ ಹಾಕೋಣವೆಂದರೆ ಆ ಕೌಂಟರು ಮುಚ್ಚಿತ್ತು. ಹೊರಗೆ ಕೊಡೋಣವೆಂದರೆ ಆ ಊರಲ್ಲಿ ನಮಗೆ ಒಂದು ನಾಯಿಯ ಪರಿಚಯವೂ ಇಲ್ಲ. ಅಷ್ಟು ಹಿಮ, ಅಷ್ಟು ಹಸಿವು, ಅಷ್ಟು ಹೆಂಗಸರ ಎದೆಯ ಶಾಖ ದಾಟಿ ಬಂದ ಬರ್ತಾ, ಕಸದ ಡಬ್ಬದಲ್ಲಿ ಶಾಂಪೂ ಬಾಟಲಿಗಳ ಮೇಲೆ ಧಡ್ ಅಂತ ಬಿದ್ದಳು.

ವಿಮಾನದಲ್ಲಿ ಮಾರಿಟ್ ನನಗೆ ಬೈಯಲೇ ಇಲ್ಲ. ಅವಳು ಬೈದರೆ ನನಗೆ ಹೆದರಿಕೆಯಿಲ್ಲ, ಅಭ್ಯಾಸ ಇದೆ. ಬೈಯದೆ ಕೂತರೇ ಹೆದರಿಕೆ. "ಏನಾದ್ರೂ ಅನ್ನು ಮಾರಾಯ್ತಿ," ಅಂದೆ. ಅವಳು ಕಡ್ಡಿಯಿಲ್ಲದ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು, ಬಿಚ್ಚಿಹೋಗುತ್ತಿದ್ದ ಕುಣಿಕೆಗಳನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದಳು. ನನಗೆ ನನ್ನ ಬಾಯನ್ನು ಹೊಲಿದುಬಿಡೋಣ ಅನ್ನಿಸಿತು. ಅದಕ್ಕೂ ಸೂಜಿ ಬೇಕು, ಆ ವಿಮಾನದಲ್ಲಿ ಎಲ್ಲಿಂದ ತರಲಿ?

ಆಸ್ಪತ್ರೆಯಲ್ಲಿ ಅತ್ತೆಯನ್ನು ದಿಂಬಿನಲ್ಲಿ ಹುಡುಕಬೇಕು, ಅಷ್ಟು ಸಣ್ಣಗಾಗಿದ್ದರು. ಕಣ್ಣು ಮಾತ್ರ ಅದೇ.

"ಬರ್ತಾ ಎಲ್ಲಿ?"

ಮಾರಿಟ್ ನನ್ನ ಕೈ ಚಿವುಟಿ ಹಿಡಿದು ಹೇಳಿದಳು, "ಅಡುಗೆಮನೇಲಿ ಬೆಚ್ಚಗೆ ಇಟ್ಟಿದೀನಮ್ಮ. ಪ್ರಯಾಣ ಮಾಡಿ ಸುಸ್ತಾಗಿದಾಳೆ, ಏಳೋಕೆ ಸ್ವಲ್ಪ ದಿನ ಬೇಕು."

"ನನಗೂ ಜಾಸ್ತಿ ದಿನ ಇಲ್ಲ ಅಂತ ಹೇಳು ಅವಳಿಗೆ," ಅಂದು ಅತ್ತೆ ಕಣ್ಣು ಮುಚ್ಚಿದರು.

ಹೊರಗೆ ಬಂದ ಮೇಲೆ ಮಾರಿಟ್‌ಳ ಕಟ್ಟೆ ಒಡೆಯಿತು. ಸಾಯುವ ಅಮ್ಮನಿಗೆ ಸುಳ್ಳು ಹೇಳಿದೆನಲ್ಲ ಅಂತ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಏನು ಮಾಡಲಿ? ಮಾತಾಡುವ ಹಾಗಿಲ್ಲ. ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿದೆ. ಅವಳು ಅದರೊಳಗೆ ಮುಖ ಹುದುಗಿಸಿ ಇನ್ನೂ ಅತ್ತಳು. ಇದ್ದಕ್ಕಿದ್ದಂತೆ ಅಳು ನಿಂತಿತು. ಮೂಗು ಎಳೆದಳು. ಮತ್ತೆ ಮೂಸಿದಳು. ಆಮೇಲೆ ಕೋಟಿನ ಒಳಮೈ ತಿರುವಿ, ಎದೆಯ ಹತ್ತಿರ ಬಿಳಿಚಾಗಿ ಒಣಗಿ ಹಕ್ಕಳೆಗಟ್ಟಿದ್ದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡಳು.

"ಬರ್ತಾ," ಅಂದಳು.

"ಅದು ಮೂಸ್ ರಕ್ತಾನೂ ಇರಬಹುದು..."

"ಬಾಯ್ ಮುಚ್ಚು ವೆಂಡೆಲ್." ನನ್ನ ಹೆಸರು ಹಿಡಿದು ಬೈದಳು! ನನಗೆ ಎಷ್ಟು ಸಮಾಧಾನವಾಯಿತು ಹೇಳತೀರದು. "ಮುತ್ತಜ್ಜಿ ಕಾಲದಲ್ಲಿ ಜಾಡಿ ಒಡೆದ್ರೆ ಅಂತ ಅಂಗಿಗೆ ಸವರಿ ಒಣಗಿಸಿ ಇಟ್ಕೊಳ್ತಿದ್ರಂತೆ. ಅಮ್ಮ ಹೇಳ್ತಿದ್ಲು. ನೀರು ಹಿಟ್ಟು ಬಿದ್ರೆ ಏಳುತ್ತೆ."

ಆಸ್ಪತ್ರೆಯ ಅಡುಗೆಮನೆಯಲ್ಲಿ ನನ್ನ ಕೋಟಿನ ಶಸ್ತ್ರಚಿಕಿತ್ಸೆ ನಡೆಯಿತು. ಹಕ್ಕಳೆ ಬರೀ ಮೇಲಿರಲಿಲ್ಲ, ಹೊಲಿಗೆಯೊಳಗೆ, ಹತ್ತಿಯೊಳಗೆ ಎಲ್ಲ ಇಳಿದಿತ್ತು. ಮಾರಿಟ್ ಎಷ್ಟೋ ವರ್ಷದ ಆಸೆ ತೀರುವಂತೆ ಕತ್ತರಿ ಆಡಿಸಿದಳು. ಒಳಬಟ್ಟೆ ಪರ್ರನೆ ಹರಿಯಿತು. ಒಳಗಿನಿಂದ ಠಣ್ ಅಂತ ಏನೋ ನೆಲಕ್ಕೆ ಬಿತ್ತು.

ನನ್ನ ಮೀನು ಸೀಳುವ ಚೂರಿ. ತೂತು ಜೇಬಿನಿಂದ ಅಸ್ತರಿನೊಳಗೆ ಜಾರಿ ಆರಾಮವಾಗಿ ಮಲಗಿತ್ತು. ಎರಡು ದಿನವೂ ಕೋಟಿನ ಜೊತೆ ಆ ಮಹಾಯಂತ್ರದ ಹೊಟ್ಟೆಯೊಳಗೆ ಹೋಗಿ ಬಂದಿತ್ತು. ಕಡ್ಡಿ ಹಿಡಿದರು, ಟೂತ್‌ಪೇಸ್ಟು ಹಿಡಿದರು, ಹೆಪ್ಪು ಹಿಡಿದರು. ಇದನ್ನು ಯಾರೂ ಕಾಣಲಿಲ್ಲ.

"ಆರ್ವಿಲ್ ಕದ್ದಿದ್ದ ಅಲ್ವಾ?" ಅಂದಳು ಮಾರಿಟ್.

ನಾನು ಕಿಟಕಿಯ ಹೊರಗೆ ನೋಡಿದೆ. ಗೋಧಿ ಹೊಲದ ಮೇಲೆ ಸಪ್ಪೆ ಬಿಸಿಲು ಬಿದ್ದಿತ್ತು.

ಬಟ್ಟೆಯ ತುಂಡುಗಳನ್ನು ಬೆಚ್ಚಗಿನ ನೀರಲ್ಲಿ ನೆನೆಹಾಕಿ, ಹಿಂಡಿ, ಹಿಟ್ಟು ಕಲೆಸಿ ಇಟ್ಟಳು. ಬೂದು ಬಣ್ಣದ ಗಂಜಿ. ಮರುದಿನ ನೋಡಿದರೂ ಬೂದು ಗಂಜಿ. ಅದರ ಮರುದಿನವೂ ಹಾಗೇ. ಬೆಳಿಗ್ಗೆ ಬೆಳಿಗ್ಗೆ ಅತ್ತೆ ಕೇಳುತ್ತಿದ್ದರು, "ಎದ್ಲಾ?" "ಇನ್ನೂ ಇಲ್ಲಮ್ಮ." ಅವರ ಉಸಿರು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಮುದುಕಿ ಮಲಗುತ್ತಿದ್ದಾರೆ, ಜಾಡಿ ಏಳುತ್ತಿಲ್ಲ. ನಾನು ಮಂಚದ ಹತ್ತಿರ ಸ್ವಲ್ಪ ಹೊತ್ತು, ಜಾಡಿಯ ಹತ್ತಿರ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಜಾಡಿಯನ್ನು ಅಂಗಿಯೊಳಗೆ ಇಟ್ಟುಕೊಂಡು, "ಏಳಮ್ಮ ತಾಯಿ, ನನ್ನ ಕುರ್ಚಿಯ ಜಾಗ ನಿನಗೇ ಇರಲಿ," ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಒಂದು ಬೆಳಿಗ್ಗೆ ಗಂಜಿಯ ಮೇಲೆ ಒಂದೇ ಒಂದು ಗುಳ್ಳೆ ಎದ್ದಿತು. ನೋಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು. ನಾನು ಆಸ್ಪತ್ರೆ ಹಾರಿಹೋಗುವಂತೆ ಕೂಗುವುದರಲ್ಲಿದ್ದೆ. ಮಾರಿಟ್ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

ಬ್ರೆಡ್ಡು ಸರಿಯಾಗಿ ಉಬ್ಬಲಿಲ್ಲ. ಕಾಯಲು ಸಮಯ ಇರಲಿಲ್ಲ. ಆ ಕಳ್ಳ ಚೂರಿಯಿಂದಲೇ ಮಾರಿಟ್ ಕೊಯ್ದು, ಬೆಣ್ಣೆ ಸವರಿ, ಉಗುರಿನಷ್ಟು ಚೂರನ್ನು ಅಮ್ಮನ ಬಾಯಿಗಿಟ್ಟಳು. ಅತ್ತೆ ಬಹಳ ಹೊತ್ತು ಅಗಿದರು. ನುಂಗಿದರು.

"ಬರ್ತಾನೇ," ಅಂದರು. ಮಾರಿಟ್ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತಳು. "ಆದ್ರೆ ಡೀಸೆಲ್ ವಾಸನೆ ಯಾಕೆ ಬರ್ತಿದೆ? ಮೀನಿನ ವಾಸನೇನೂ ಇದೆ."

ಇನ್ನು ಸುಳ್ಳು ಹೇಳಲು ಅವಳಿಂದಾಗಲಿಲ್ಲ. ಜಾಡಿ, ಆಫೀಸರು, ಕಸದ ಡಬ್ಬ, ನನ್ನ ಬಾಯಿ, ಕೋಟು, ಒಂದೂ ಬಿಡದೆ ಹೇಳಿಬಿಟ್ಟಳು. ಅತ್ತೆ ತಲೆ ಹೊರಳಿಸಿ ನನ್ನನ್ನೇ ನೋಡಿದರು. ಈಗ ಮಂಗಳಾರತಿ ಅಂತ ನಾನು ಗೋಡೆಗೆ ಅಂಟಿಕೊಂಡೆ.

"ಅಂತೂ ಜೀವಮಾನದಲ್ಲಿ ಒಂದ್ಸಲ ಬಾಯಿ ಬಿಡದೆ ಏನೋ ತಂದ," ಅಂದರು.

"ಅವನಿಗೇ ಗೊತ್ತಿರ್ಲಿಲ್ಲಮ್ಮ."

"ಅದಕ್ಕೇ ಬಂದು ತಲುಪ್ತು," ಅಂದು, ಇನ್ನೊಂದು ಚೂರಿಗೆ ಬಾಯಿ ತೆರೆದರು.

ಅವರು ಆಡಿದ ಕೊನೆಯ ಪೂರ್ತಿ ಮಾತು ಅದು. ಮರುದಿನ ಮಧ್ಯಾಹ್ನ ಮಾರಿಟ್ ಅವರ ಕೈ ಹಿಡಿದು ಕೂತಿದ್ದಂತೆಯೇ ಹೊರಟುಹೋದರು. ನನಗೆ ಇಷ್ಟು ಅಳು ಬರುತ್ತದೆ ಅಂತ ನಾನೇ ಎಣಿಸಿರಲಿಲ್ಲ. ಇಷ್ಟು ವರ್ಷ ಬೈಸಿಕೊಂಡದ್ದೆಲ್ಲ ಒಟ್ಟಿಗೇ ನೆನಪಾಯಿತು, ಒಂದನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಊರಿಗೆ ಹೊರಟಾಗ ನನಗೆ ಕೋಟಿಲ್ಲ. ಅತ್ತೆಯ ನೇರಳೆ ಬಣ್ಣದ ಉಣ್ಣೆ ಕಾರ್ಡಿಗನ್ ಹಾಕಿಕೊಂಡು ಹೋಗು ಅಂದಳು ಮಾರಿಟ್. ಮುತ್ತಿನ ಗುಂಡಿಗಳಿದ್ದವು, ತೋಳು ಮೊಣಕೈಗೇ ಮುಗಿದಿತ್ತು. ಚೂರಿಯನ್ನು ಆಸ್ಪತ್ರೆಯ ಅಡುಗೆಮನೆಗೇ ಕೊಟ್ಟೆ. ಬರ್ತಾ ಹೊಸ ಜಾಡಿಯಲ್ಲಿ, ಮಾರಿಟ್‌ಳ ಚೀಲದಲ್ಲಿ ಇದ್ದಳು. ತಪಾಸಣೆಯ ಸಾಲಿನಲ್ಲಿ ನಾನು ಹಲ್ಲು ಕಚ್ಚಿ, ತುಟಿ ಬಿಗಿದು ನಿಂತೆ. ಅತ್ತೆಯಾಣೆ, ಇವತ್ತು ಈ ಬಾಯಿ ತೆರೆಯುವುದಿಲ್ಲ.

"ಏನ್ ಸರ್, ಚೀಲದಲ್ಲಿ ಏನಿದೆ?"

ನಾನು ಮೇಲೆ ನೋಡಿದೆ.

"ಸರ್?"

ಬೆವರು ಇಳಿಯಿತು. ತಲೆ ಅಲ್ಲಾಡಿಸಿದೆ.

"ಎಲ್ಲಿಗೆ ಹೋಗ್ತಿದೀರಿ? ಹೆಸರೇನು? ಯಾರ ಸ್ವೆಟರ್ ಅದು?"

ಉಸಿರು ಕಟ್ಟಿತ್ತು, ಮುಖ ಕಾರ್ಡಿಗನ್ನಿನ ಬಣ್ಣಕ್ಕೇ ಬಂದಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಇಬ್ಬರು ಬಂದು ನನ್ನ ಎರಡೂ ತೋಳು ಹಿಡಿದು, ಪಕ್ಕದ ಕೋಣೆಗೆ ಕರೆದೊಯ್ದು, ಒಂದೊಂದೇ ಮುತ್ತಿನ ಗುಂಡಿ ಬಿಚ್ಚತೊಡಗಿದರು. ಬಾಗಿಲ ಸಂದಿಯಿಂದ ನೋಡಿದೆ. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆಗೇ ತಿರುಗಿದ್ದರು, ಯಂತ್ರದ ಮುಂದೆ ಕೂತವನೂ ಸೇರಿ. ಆ ಗದ್ದಲದಲ್ಲಿ ಮಾರಿಟ್ ಚೀಲ ಎತ್ತಿಕೊಂಡು ಆ ಕಡೆ ದಾಟಿಬಿಟ್ಟಿದ್ದಳು. ಅಮ್ಮ ಹೋದ ಮೇಲೆ ಮೊದಲ ಸಲ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಚೀಲವನ್ನು ಎದೆಗೆ ಒತ್ತಿ ಹಿಡಿದು, ಇನ್ನೂ ಸ್ವಲ್ಪ ಹೊತ್ತು ಹಾಗೇ ಇರು ಅಂತ ನನಗೆ ಕೈಸನ್ನೆ ಮಾಡಿದಳು.